ಹೊಟ್ಟೆ ತುಂಬಿದರೂ ಬೆಳೆಯದ ಮಗು

ಪ್ರಶ್ನೆ: ಬಡ ದೇಶಗಳಲ್ಲಿ ಎಲುಬಿನ ಹಂದರದಂತಾದ ಮಕ್ಕಳನ್ನು ಕಡಲೆಕಾಯಿ ಪೇಸ್ಟಿನ ಪೊಟ್ಟಣಗಳಿಂದ ಕೆಲವೇ ವಾರಗಳಲ್ಲಿ ಚೇತರಿಸುವಂತೆ ಮಾಡುತ್ತಾರೆಂದು ಓದಿದ್ದೇನೆ. ಇಷ್ಟು ಸುಲಭದ ಉಪಾಯ ಕೈಯಲ್ಲಿರುವಾಗ ಮಕ್ಕಳ ಅಪೌಷ್ಟಿಕತೆ ಇನ್ನೂ ಏಕೆ ನಿವಾರಣೆಯಾಗಿಲ್ಲ?

ಉತ್ತರ: ನೀವು ಓದಿರುವುದು ನಿಜ. ಆದರೆ ಅಪೌಷ್ಟಿಕತೆ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ, ಆ ಪೊಟ್ಟಣ ವಾಸಿ ಮಾಡುವುದು ಅವುಗಳಲ್ಲಿ ಒಂದನ್ನು ಮಾತ್ರ. ಆಹಾರದ ಅಭಾವದಿಂದಲೋ ಕಾಯಿಲೆಯಿಂದಲೋ ಮಗು ಸ್ವಲ್ಪ ಕಾಲದಲ್ಲೇ ಸೊರಗಿ, ಎತ್ತರಕ್ಕೆ ತಕ್ಕ ತೂಕವಿಲ್ಲದಂತಾಗುವುದು ಮೊದಲನೆಯದು. ವಯಸ್ಸಿಗೆ ತಕ್ಕ ಎತ್ತರವೇ ಬಾರದೆ ಬೆಳವಣಿಗೆ ಕುಂಠಿತವಾಗುವುದು ಎರಡನೆಯದು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಬ್ಯಾಂಕ್ ಜೊತೆಗೂಡಿ ಮಾಡಿದ ಅಂದಾಜಿನಂತೆ, 2022ರಲ್ಲಿ ಐದು ವರ್ಷದೊಳಗಿನ ಸುಮಾರು 4.5 ಕೋಟಿ ಮಕ್ಕಳು ಸೊರಗಿದ ಸ್ಥಿತಿಯಲ್ಲಿದ್ದರು. ಬೆಳವಣಿಗೆ ಕುಂಠಿತವಾದವರು ಸುಮಾರು 14.8 ಕೋಟಿ. ಪತ್ರಿಕೆಗಳಲ್ಲಿ ಬರುವ ಚಿತ್ರಗಳೆಲ್ಲ ಸೊರಗಿದ ಮಕ್ಕಳವು, ಏಕೆಂದರೆ ಕುಳ್ಳಾದ ಮಗು ನೋಡುವವರ ಕಣ್ಣಿಗೆ ರೋಗಿಯಾಗಿ ಕಾಣುವುದೇ ಇಲ್ಲ.

ಪೊಟ್ಟಣದ ಮಹತ್ವ ಅರಿಯಬೇಕಾದರೆ ಅದಕ್ಕೂ ಮೊದಲಿದ್ದ ಪರಿಸ್ಥಿತಿಯನ್ನು ನೋಡಬೇಕು. ತೀವ್ರವಾಗಿ ಸೊರಗಿದ ಮಗುವಿಗೆ ವಿಶೇಷವಾಗಿ ತಯಾರಿಸಿದ ಹಾಲಿನ ಪುಡಿಯನ್ನು ಶುದ್ಧ ನೀರಿನಲ್ಲಿ ಕಲಸಿ ಕೊಡಬೇಕಾಗಿತ್ತು, ಹಾಗೆ ಕಲಸಿದ್ದನ್ನು ಹೆಚ್ಚು ಹೊತ್ತು ಇಡುವಂತಿರಲಿಲ್ಲ. ಆದ್ದರಿಂದ ಚಿಕಿತ್ಸೆಯೆಲ್ಲ ಆಸ್ಪತ್ರೆಯಲ್ಲೇ ನಡೆಯಬೇಕಿತ್ತು, ತಾಯಿ ಉಳಿದ ಮಕ್ಕಳನ್ನೂ ಹೊಲದ ಕೆಲಸವನ್ನೂ ಬಿಟ್ಟು ವಾರಗಟ್ಟಲೆ ಅಲ್ಲಿಯೇ ಉಳಿಯಬೇಕಿತ್ತು. ಎಷ್ಟೋ ತಾಯಂದಿರಿಗೆ ಇದು ಆಗದ ಮಾತು. 1990ರ ದಶಕದ ನಡುವಿನಲ್ಲಿ ಫ್ರಾನ್ಸಿನ ವೈದ್ಯ ಆಂದ್ರೆ ಬ್ರಿಯಾಂ ಮತ್ತು ಆಹಾರ ತಯಾರಕ ಮಿಶೆಲ್ ಲೆಸ್ಕಾನ್ ಅವರು ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಖನಿಜಗಳನ್ನು ಸೇರಿಸಿ ಈ ಪೇಸ್ಟನ್ನು ರೂಪಿಸಿದರು. ಇದರಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ರೋಗಾಣುಗಳು ಬೆಳೆಯಲಾರವು, ಬೇಯಿಸುವ ಅಥವಾ ನೀರು ಬೆರೆಸುವ ಅಗತ್ಯವೂ ಇಲ್ಲ. 92 ಗ್ರಾಂ ತೂಗುವ ಒಂದು ಪೊಟ್ಟಣದಲ್ಲಿ ಸುಮಾರು 500 ಕಿಲೋಕ್ಯಾಲರಿ ಶಕ್ತಿಯಿರುತ್ತದೆ. ತುದಿ ಕತ್ತರಿಸಿ ಹಿಂಡಿದರೆ ಮಗು ನೇರವಾಗಿ ಚೀಪಬಲ್ಲದು. 2005ರಲ್ಲಿ ನೈಜರ್ ದೇಶದಲ್ಲಿ ಆಹಾರದ ಬಿಕ್ಕಟ್ಟು ತಲೆದೋರಿದಾಗ ಗಡಿರಹಿತ ವೈದ್ಯರ ಸಂಸ್ಥೆಯು ತೀವ್ರ ಅಪೌಷ್ಟಿಕತೆಯಿದ್ದ 60 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ನೀಡಿತು, ಅವರಲ್ಲಿ ಬಹುಪಾಲು ಮಕ್ಕಳು ಮನೆಯಲ್ಲೇ ಇದ್ದು ಗುಣಮುಖರಾದರು. ಎರಡು ವರ್ಷಗಳ ನಂತರ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದ ಸಂಸ್ಥೆಗಳು ಈ ಕ್ರಮಕ್ಕೆ ಜಂಟಿಯಾಗಿ ಒಪ್ಪಿಗೆಯ ಮುದ್ರೆ ಒತ್ತಿದವು. ನನ್ನ ದೃಷ್ಟಿಯಲ್ಲಿ ಇಲ್ಲಿ ಪೇಸ್ಟಿಗಿಂತ ದೊಡ್ಡ ಸಂಗತಿಯೆಂದರೆ, ಚಿಕಿತ್ಸೆಯ ಹೊಣೆ ತಾಯಿಯ ಕೈಗೆ ಬಂದದ್ದು.

ಕುಂಠಿತ ಬೆಳವಣಿಗೆಯ ಕಥೆ ಹೀಗಿಲ್ಲ. ಅದು ಮಗು ಹುಟ್ಟುವ ಮೊದಲೇ, ತಾಯಿ ಸ್ವತಃ ಅಪೌಷ್ಟಿಕಳಾಗಿರುವಾಗಲೇ ಶುರುವಾಗಬಹುದು. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ಆ ಬಳಿಕ ಎದೆಹಾಲನ್ನು ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸುತ್ತಲೇ, ಮೃದುವಾದ, ವೈವಿಧ್ಯವುಳ್ಳ ಪೂರಕ ಆಹಾರ ಕೊಡಬೇಕು. ಬಹಳಷ್ಟು ಮಕ್ಕಳು ಸೋಲುವುದು ಈ ಘಟ್ಟದಲ್ಲಿ. ಬರೀ ಧಾನ್ಯದ ತೆಳು ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಬೆಳವಣಿಗೆಗೆ ಬೇಕಾದ ಪ್ರೋಟೀನು, ಕಬ್ಬಿಣ, ಸತು ಅದರಲ್ಲಿ ಸಾಕಷ್ಟಿರುವುದಿಲ್ಲ. ಅದರ ಮೇಲೆ ಪದೇ ಪದೇ ಭೇದಿಯಾದರೆ ತಿಂದದ್ದೂ ಮೈಗೆ ಹತ್ತುವುದಿಲ್ಲ. ಎರಡು ವರ್ಷ ದಾಟಿದ ಮೇಲೆ ಕಳೆದುಹೋದ ಎತ್ತರವನ್ನು ಮರಳಿ ಪಡೆಯುವುದು ಬಹಳ ಕಷ್ಟ.

ಶೌಚಾಲಯ, ಶುದ್ಧ ನೀರು, ಕೈತೊಳೆಯುವ ಅಭ್ಯಾಸ ಬಂದರೆ ಮಕ್ಕಳು ಎತ್ತರವಾಗುತ್ತಾರೆಂಬ ನಂಬಿಕೆ ಬಲವಾಗಿತ್ತು. ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ನಡೆದು 2018-19ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ಈ ನಂಬಿಕೆಗೆ ಪೆಟ್ಟು ಕೊಟ್ಟವು. ಮನೆಮಟ್ಟದ ಅಂಥ ಸಾಧಾರಣ ಸೌಲಭ್ಯಗಳಿಂದ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರ ಮತ್ತು ತಿಳಿವಳಿಕೆ ಕೊಟ್ಟಲ್ಲಿ ಸ್ವಲ್ಪ ಮಾತ್ರ ಹೆಚ್ಚಿತು. ಶುಚಿತ್ವ ಬೇಡವೆಂದು ಇದರ ಅರ್ಥವಲ್ಲ, ಒಂದೊಂದೇ ಯೋಜನೆಯನ್ನು ಬಿಡಿಬಿಡಿಯಾಗಿ ತಂದರೆ ಸಾಲದೆಂದು ಅರ್ಥ. ಪೆರು ದೇಶವು ನಗದು ನೆರವು, ಆರೋಗ್ಯ ಕೇಂದ್ರದಲ್ಲಿ ನಿಯಮಿತ ತಪಾಸಣೆ, ಲಸಿಕೆ ಮತ್ತು ಫಲಿತಾಂಶಕ್ಕೆ ತಕ್ಕ ಅನುದಾನಗಳನ್ನು ಒಟ್ಟಿಗೆ ಹೆಣೆದು, 2007-08ರ ಸುಮಾರಿಗೆ ಶೇ 28ರಷ್ಟಿದ್ದ ಕುಂಠಿತ ಬೆಳವಣಿಗೆಯ ಪ್ರಮಾಣವನ್ನು 2016ರ ಹೊತ್ತಿಗೆ ಶೇ 13ರ ಆಸುಪಾಸಿಗೆ ಇಳಿಸಿತು. ಆ ಅವಧಿಯಲ್ಲಿ ದೇಶದ ಆದಾಯವೂ ಏರುತ್ತಿತ್ತೆಂಬುದನ್ನು ಮರೆಯಬಾರದು. ಆದರೂ ಸರ್ಕಾರಗಳು ಬದಲಾದಾಗಲೂ ಗುರಿ ಬದಲಾಗದಿದ್ದುದೇ ಅಲ್ಲಿನ ವಿಶೇಷ.

ಪ್ರಶ್ನೆ: ವೈದ್ಯರಿಲ್ಲದ ಹಳ್ಳಿಗಳಲ್ಲಿ ಮಗುವಿಗೆ ತೀವ್ರ ಅಪೌಷ್ಟಿಕತೆ ಇದೆಯೆಂದು ಹೇಗೆ ಕಂಡುಹಿಡಿಯುತ್ತಾರೆ?

ಉತ್ತರ: ಕೆಂಪು, ಹಳದಿ, ಹಸಿರು ಭಾಗಗಳಿರುವ ಒಂದು ಅಳತೆಪಟ್ಟಿ ಮತ್ತು ಎರಡು ಹೆಬ್ಬೆರಳು ಸಾಕು. ಮಗುವಿನ ಎಡತೋಳಿನ ನಡುಭಾಗಕ್ಕೆ ಪಟ್ಟಿಯನ್ನು ಬಿಗಿಯಾಗಿಸದೆ, ಸಡಿಲವೂ ಬಿಡದೆ ಸುತ್ತಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು ಭಾಗ ಕಾಣುತ್ತದೆ, ಅಂದರೆ ತೀವ್ರ ಸ್ಥಿತಿ. 115ರಿಂದ 125ರೊಳಗಿದ್ದರೆ ಹಳದಿ, ಅದಕ್ಕೂ ಮೇಲಿದ್ದರೆ ಹಸಿರು. ನಂತರ ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಗುಳಿ ಹಾಗೆಯೇ ಉಳಿದರೆ ಅದು ನೀರು ತುಂಬಿದ ಬಾವು. ಅಂಥ ಮಗುವಿನ ತೋಳು ದಪ್ಪವಾಗಿದ್ದರೂ ಅದನ್ನು ತೀವ್ರ ಅಪೌಷ್ಟಿಕತೆಯೆಂದೇ ಎಣಿಸಬೇಕು. ಕೆನ್ನೆ ಉಬ್ಬಿದ್ದನ್ನು ಕಂಡು ಮಗು ದುಂಡಗಾಗಿದೆಯೆಂದು ಸಮಾಧಾನಪಡುವವರು ಮೋಸಹೋಗುವುದು ಇಲ್ಲಿಯೇ. ನೈಜರ್‌ನಲ್ಲಿ ಅಕ್ಷರ ಬಾರದ ತಾಯಂದಿರಿಗೂ ಈ ಪಟ್ಟಿಯ ಬಳಕೆಯನ್ನು ಕಲಿಸಿದಾಗ ಅವರು ಆರೋಗ್ಯ ಕಾರ್ಯಕರ್ತರಿಗೆ ಸರಿಸಮನಾಗಿಯೇ ಅಳೆದರು.

ಪ್ರಶ್ನೆ: ಹಸಿದು ಬಸವಳಿದ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬ ಉಣಿಸಬಾರದೇಕೆ?

ಉತ್ತರ: ಬಹುಕಾಲ ಅರೆಹೊಟ್ಟೆಯಲ್ಲಿದ್ದ ದೇಹ ತನ್ನ ಕೆಲಸಗಳನ್ನೆಲ್ಲ ತಗ್ಗಿಸಿಕೊಂಡಿರುತ್ತದೆ. ಒಮ್ಮೆಲೇ ಹೆಚ್ಚು ಆಹಾರ ಸಿಕ್ಕರೆ ರಕ್ತದಲ್ಲಿನ ಪೊಟ್ಯಾಸಿಯಂ, ಫಾಸ್ಫೇಟುಗಳು ಜೀವಕೋಶಗಳೊಳಕ್ಕೆ ನುಗ್ಗಿ ರಕ್ತದಲ್ಲಿ ಕುಸಿಯುತ್ತವೆ, ದುರ್ಬಲವಾದ ಹೃದಯ ಅದನ್ನು ತಾಳಲಾರದು. ಆದ್ದರಿಂದ ಹಸಿವೆಯೇ ಇಲ್ಲದ ಅಥವಾ ಬೇರೆ ಕಾಯಿಲೆಯೂ ಇರುವ ಮಗುವನ್ನು ಆಸ್ಪತ್ರೆಗೆ ಸೇರಿಸಿ, ಪ್ರೋಟೀನು ಮತ್ತು ಉಪ್ಪಿನ ಅಂಶ ಕಡಿಮೆಯಿರುವ ಹಾಲನ್ನು ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, ಸ್ವಲ್ಪಸ್ವಲ್ಪವೇ ಕೊಡುತ್ತಾರೆ. ಸೋಂಕಿದ್ದರೂ ಇಂಥ ಮಕ್ಕಳಲ್ಲಿ ಜ್ವರ ಕಾಣದಿರಬಹುದಾದ್ದರಿಂದ, ಲಕ್ಷಣಗಳಿಗಾಗಿ ಕಾಯದೆ ಆಂಟಿಬಯೋಟಿಕ್ ಕೊಡುತ್ತಾರೆ. ಪ್ರತ್ಯೇಕ ಕಬ್ಬಿಣದ ಔಷಧವನ್ನು ಮಾತ್ರ ಆರಂಭದಲ್ಲಿ ಕೊಡುವುದಿಲ್ಲ. ಹಸಿವು ಮರಳಿ, ಬಾವು ಇಳಿಯತೊಡಗಿದ ಮೇಲೆ ಪೇಸ್ಟಿನ ಪೊಟ್ಟಣಗಳೊಂದಿಗೆ ಮನೆಗೆ ಕಳುಹಿಸಿ, ಚೇತರಿಸಿಕೊಳ್ಳುವವರೆಗೂ ವಾರಕ್ಕೊಮ್ಮೆ ತೂಕ ನೋಡುತ್ತಾರೆ. ಹಸಿವೆಯಿರುವ, ಬೇರೆ ತೊಂದರೆಯಿಲ್ಲದ ಮಗುವಿಗೆ ಆಸ್ಪತ್ರೆಯ ವಾಸವೇ ಬೇಕಾಗುವುದಿಲ್ಲ.