ತುಮಕೂರಿನ ಸಿ.ಎಸ್.ಐ., ಕೋಲಾರದ ಮೆಥೋಡಿಸ್ಟ್: ಎರಡು ಸಭೆಗಳ ನಂಬಿಕೆ ಬೇರೆಯೇ?

ನಿಮ್ಮದು ತುಮಕೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆ, ಮಗಳಿಗೆ ಕೋಲಾರದ ಮೆಥೋಡಿಸ್ಟ್ ಮನೆತನದಿಂದ ಸಂಬಂಧ ಕೂಡಿಬಂದಿದೆ, ಅವಳು ಮತ್ತೆ ದೀಕ್ಷಾಸ್ನಾನ ಪಡೆಯಬೇಕೇ, ಅವರ ನಂಬಿಕೆ ನಮ್ಮದಕ್ಕಿಂತ ಬೇರೆಯೇ ಎಂದು ಕೇಳಿದ್ದೀರಿ. ದೀಕ್ಷಾಸ್ನಾನ ಮತ್ತೆ ಬೇಕಿಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಒಮ್ಮೆ ಆದದ್ದನ್ನು, ಅದು ಶಿಶುವಾಗಿದ್ದಾಗ ಆಗಿದ್ದರೂ, ಎರಡೂ ಸಭೆಗಳು ಪೂರ್ಣವೆಂದೇ ಎಣಿಸುತ್ತವೆ. ನಾನು ತುಮಕೂರಿನ ಸಿ.ಎಸ್.ಐ. ಸಭೆಯಲ್ಲಿ ಬೆಳೆದವನು; ಉದ್ಯೋಗಕ್ಕಾಗಿ ಕೋಲಾರಕ್ಕೆ ಬಂದ ಮೇಲೆ ಮೆಥೋಡಿಸ್ಟ್ ಸಭೆಯ ಆರಾಧನೆಗೆ ಹೋಗುತ್ತಿದ್ದೇನೆ. ಆದ್ದರಿಂದ ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಈ ಎರಡು ಸಭೆಗಳನ್ನು ಬೇರ್ಪಡಿಸಿದ್ದು ಬೋಧನೆಯಲ್ಲ, ನಮ್ಮ ಜಿಲ್ಲೆಗಳಿಗೆ ಮಿಷನರಿಗಳು ಯಾವ ದೇಶದಿಂದ ಬಂದರು ಎಂಬುದು. ಎರಡಕ್ಕೂ ಮೂಲಪುರುಷರು ಇಂಗ್ಲೆಂಡಿನ ಜಾನ್ ವೆಸ್ಲಿ (1703–1791). ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಸಭೆಯ) ಪಾದ್ರಿಯಾಗಿಯೇ ಬದುಕಿ ಹಾಗೆಯೇ ತೀರಿಕೊಂಡ ಅವರು ಬೋಧಿಸಿದ್ದು ಇಷ್ಟು: ದೇವರ ಕೃಪೆ ಮೊದಲೇ ಆಯ್ದುಕೊಂಡ ಕೆಲವರಿಗೆ ಮಾತ್ರವಲ್ಲ, ಎಲ್ಲರಿಗೂ ಇದೆ, ಮನುಷ್ಯನು ದೇವರನ್ನು ಹುಡುಕುವ ಮೊದಲೇ ಅದು ಅವನೊಳಗೆ ಕೆಲಸ ಮಾಡುತ್ತಿರುತ್ತದೆ, ವಿಶ್ವಾಸದಿಂದ ನೀತಿವಂತನೆನಿಸಿಕೊಂಡವನು ಅಲ್ಲಿಗೇ ನಿಲ್ಲದೆ ಪರಿಶುದ್ಧತೆಯಲ್ಲಿ ಬೆಳೆಯುತ್ತಾ ಹೋಗಬೇಕು. ಅಮೆರಿಕ ಸ್ವತಂತ್ರವಾದ ಮೇಲೆ, 1784ರಲ್ಲಿ, ಅಲ್ಲಿನ ವೆಸ್ಲಿ ಅನುಯಾಯಿಗಳಾದ ಮೆಥೋಡಿಸ್ಟರು ಪ್ರತ್ಯೇಕ ಸಭೆಯಾಗಿ ಬಿಷಪ್‌ರನ್ನು ಇಟ್ಟುಕೊಂಡರು. ಇಂಗ್ಲೆಂಡಿನವರು ವೆಸ್ಲಿಯವರ ಮರಣಾನಂತರ ಬೇರೆಯಾದರೂ ಬಿಷಪ್‌ರಿಲ್ಲದೆ, ವರ್ಷ ವರ್ಷ ಅಧ್ಯಕ್ಷರನ್ನು ಆರಿಸುವ ಸಮ್ಮೇಳನದ ಮೂಲಕವೇ ಆಡಳಿತ ನಡೆಸಿದರು.

ಇಂಗ್ಲಿಷ್ ಮೆಥೋಡಿಸ್ಟರು, ಅಂದರೆ ವೆಸ್ಲಿಯನ್ನರು, ಮೈಸೂರು ಸೀಮೆಗೆ ಬಂದು 1830ರ ದಶಕದಲ್ಲೇ ಗುಬ್ಬಿಯಲ್ಲಿ ನೆಲೆಯೂರಿದರು. ತುಮಕೂರಿನ ಸಭೆ ಅವರ ಕಡೆಯದು. ಕೋಲಾರದ ಕಥೆ ಬೇರೆ. 1876–78ರ ಧಾತು ಈಶ್ವರ ಬರದಲ್ಲಿ ಅನಾಥರಾದ ಮಕ್ಕಳನ್ನು ಅಲ್ಲಿ ಮಿಸ್ ಆನ್ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಸಾಕಿದರು. 1890ರಲ್ಲಿ ಆ ಕಾರ್ಯ ಅಮೆರಿಕನ್ ಮೆಥೋಡಿಸ್ಟರ ಕೈಗೆ ಬಂತು. ಕೋಲಾರದವರೆಲ್ಲ ಬಲ್ಲ ಇ.ಟಿ.ಸಿ.ಎಂ. ಆಸ್ಪತ್ರೆಯೂ ಅವರದೇ. ಚಿಕ್ಕಬಳ್ಳಾಪುರಕ್ಕೆ ಬಂದದ್ದು ಮೂರನೆಯವರಾದ, ಇಂಗ್ಲೆಂಡಿನದೇ ಇನ್ನೊಂದು ಮಿಷನರಿ ಸಂಘವಾದ ಲಂಡನ್ ಮಿಷನ್.

1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಆರಂಭವಾದ ಸಭೆಗಳ ಐಕ್ಯದ ಮಾತುಕತೆ ದೀರ್ಘಕಾಲ ನಡೆದು, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಸ್ಥಾಪನೆಯಾಯಿತು. ಆಂಗ್ಲಿಕನ್ನರ ಜೊತೆ ನಮ್ಮ ವೆಸ್ಲಿಯನ್ನರೂ, ಅದಾಗಲೇ ಇನ್ನೊಂದು ಐಕ್ಯಸಭೆಗೆ ಸೇರಿದ್ದ ಲಂಡನ್ ಮಿಷನ್ನಿನ ಸಭೆಗಳೂ ಅದರಲ್ಲಿ ಒಂದಾದವು. ಬಿಷಪ್‌ರೇ ಇಲ್ಲದಿದ್ದ ಇಂಗ್ಲಿಷ್ ಮೆಥೋಡಿಸ್ಟರು ಐಕ್ಯಕ್ಕಾಗಿ ಬಿಷಪ್‌ರನ್ನು ಒಪ್ಪಿಕೊಂಡರು. ಮೊದಲಿನಿಂದಲೂ ಬಿಷಪ್‌ರಿದ್ದ ಅಮೆರಿಕನ್ ಶಾಖೆ ಹೊರಗುಳಿದು 1981ರಲ್ಲಿ ಭಾರತದ ಸ್ವಾಯತ್ತ ಮೆಥೋಡಿಸ್ಟ್ ಸಭೆಯಾಯಿತು. ಒಬ್ಬನೇ ಗುರುವಿನ ಮಕ್ಕಳು ಹೀಗೆ ಎರಡು ಕಡೆ ಉಳಿದದ್ದು ನನಗೆ ಇಂದಿಗೂ ನೋವಿನ ಸಂಗತಿ.

ನಿಮ್ಮ ಮಗಳಿಗೆ ಅಲ್ಲಿ ಅಪರಿಚಿತವೆನಿಸುವುದು ಕಡಿಮೆ. ವಿಶ್ವಾಸಪ್ರಮಾಣ ಅದೇ, ಸಂಸ್ಕಾರಗಳು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎರಡೇ. ಆರಾಧನಾ ಕ್ರಮದ ಮಾತುಗಳು ಅಲ್ಲಲ್ಲಿ ಬದಲಾಗುತ್ತವೆ. ಸಿ.ಎಸ್.ಐ.ಯಲ್ಲಿ ಸಾಮಾನ್ಯವಾಗಿ ಬಿಷಪ್‌ರು ಕೈಯಿಟ್ಟು ಕನ್ಫರ್ಮೇಶನ್ (ಪೂರ್ಣ ಸದಸ್ಯತ್ವದ ದೃಢೀಕರಣ) ಕೊಡುತ್ತಾರೆ. ಮೆಥೋಡಿಸ್ಟ್ ಸಭೆಯಲ್ಲಿ ಪೂರ್ಣ ಸದಸ್ಯರನ್ನು ಸಭಾಪಾಲಕರೇ ಸ್ವೀಕರಿಸುತ್ತಾರೆ.

ನಿಮ್ಮ ಸಭಾಪಾಲಕರಿಂದ ದೀಕ್ಷಾಸ್ನಾನ ಮತ್ತು ಕನ್ಫರ್ಮೇಶನ್ ದಾಖಲೆಗಳನ್ನೂ ಸದಸ್ಯತ್ವದ ಪತ್ರವನ್ನೂ ಈಗಲೇ ಪಡೆದುಕೊಳ್ಳಿ. ಮದುವೆಯ ಪ್ರಕಟಣೆಯನ್ನು ಭಾನುವಾರದ ಆರಾಧನೆಯಲ್ಲಿ ಓದಬೇಕಾಗುವುದರಿಂದ, ದಿನ ನಿಶ್ಚಯಿಸುವ ಮೊದಲೇ ಎರಡೂ ಕಡೆಯ ಸಭಾಪಾಲಕರೊಡನೆ ಮಾತನಾಡಿ.