ಹಕ್ಕಿಗಳಿಗೆಂದು ಕಲ್ಲಿನ ಬಾನಿ ಕೆತ್ತುವಾಗ ಆಳ ಎಷ್ಟಿರಬೇಕು, ಯಾವ ಕಲ್ಲು ಒಳ್ಳೆಯದು?

ಚಾಣ ಹಿಡಿಯಲು ಬರುತ್ತದೆ, ತೋಟಕ್ಕೆ ಬರುವ ಹಕ್ಕಿಗಳು ಕುಡಿದು ಮೀಯಲು ಒಂದು ಬಾನಿ ಮಾಡಬೇಕು, ಅದು ಎಲ್ಲ ಕಾಲಕ್ಕೂ ಆಗಬೇಕು ಎಂದು ಕೇಳಿದ್ದೀರಿ. ಆಳಕ್ಕಿಂತ ಇಳಿಜಾರು ಮುಖ್ಯ, ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಬಾನಿ ಎಂದರೆ ನಮ್ಮ ಕೈ ತಾನಾಗಿಯೇ ಬಟ್ಟಲಿನ ಆಕಾರಕ್ಕೆ ಹೋಗುತ್ತದೆ. ಹಕ್ಕಿಗೆ ಬೇಕಾದದ್ದು ತಟ್ಟೆ. 35 ಸೆಂ.ಮೀ. ಅಗಲ, ನಡುವೆ 4 ಸೆಂ.ಮೀ. ಆಳ ಇಟ್ಟುಕೊಳ್ಳಿ. ಬಟ್ಟಲಿನಂತೆ ದುಂಡಗೆ ತೋಡಿದರೆ ಅಂಚಿನಿಂದ 5 ಸೆಂ.ಮೀ. ಒಳಗೆ ಹೋಗುವಷ್ಟರಲ್ಲಿ 2 ಸೆಂ.ಮೀ. ಆಳ ಬಂದುಬಿಡುತ್ತದೆ. ಅದೇ ಅಂಚಿನಿಂದ ನಡುವಿನವರೆಗೆ ನೇರ ಇಳಿಜಾರಿನಲ್ಲಿ ತೋಡಿದರೆ ಅಲ್ಲಿ ಆಳ 1 ಸೆಂ.ಮೀ.ಗಿಂತ ಚೂರು ಹೆಚ್ಚು, ಅಷ್ಟೆ. ಗುಬ್ಬಿ, ಸೂರಕ್ಕಿಯಂಥ ಚಿಕ್ಕ ಹಕ್ಕಿ ಕಾಲೂರಿ ನಿಂತು ರೆಕ್ಕೆ ಬಡಿಯುವುದು ಈ ಒಂದು ಸೆಂಟಿಮೀಟರ್ ನೀರಿನಲ್ಲಿ. ದೊಡ್ಡವು ನಡುವಿಗೆ ಇಳಿಯುತ್ತವೆ. ರಟ್ಟಿನಲ್ಲಿ ಇಳಿಜಾರಿನ ಅಚ್ಚು ಕತ್ತರಿಸಿಟ್ಟುಕೊಂಡು ಕೆತ್ತುವಾಗ ಆಗಾಗ ಇಟ್ಟು ನೋಡಿ. ಕಣ್ಣಳತೆಯನ್ನು ನಂಬಬೇಡಿ, ಒದ್ದೆ ಕಲ್ಲಿನಲ್ಲಿ ಅದು ಮೋಸ ಮಾಡುತ್ತದೆ.

ಕಲ್ಲಿನ ವಿಷಯ. ಗ್ರಾನೈಟ್ ನೀರು ಹೀರುವುದು ತೀರ ಕಡಿಮೆ, ಬಾಳಿಕೆಗೆ ಅದೇ ಉತ್ತಮ. ಆದರೆ 45×45×12 ಸೆಂ.ಮೀ. ತುಂಡೇ ಸುಮಾರು 65 ಕಿಲೋ ತೂಗುತ್ತದೆ. ಎಲ್ಲಿ ಕೂರಿಸುತ್ತೀರಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಬಳಪದ ಕಲ್ಲು ಬೆಣ್ಣೆಯಂತೆ ಕೆತ್ತಿಸಿಕೊಳ್ಳುತ್ತದೆ, ಆದರೆ ಮತ್ತೆ ಮತ್ತೆ ಬ್ರಷ್ ಹಾಕಿ ಉಜ್ಜಿದರೆ ಮೇಲ್ಮೈ ಬೇಗ ಸವೆದು ಜಾರತೊಡಗುತ್ತದೆ. ಮರಳುಗಲ್ಲಾದರೆ ಪದರ ನೋಡಿ, ಪದರಗಳು ನೆಲಕ್ಕೆ ಅಡ್ಡವಾಗಿ ಮಲಗಿರಬೇಕು, ನಿಂತಿರಬಾರದು. ಯಾವ ಕಲ್ಲೇ ಆಗಲಿ, ಕೊಳ್ಳುವ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಠಣ್ ಎಂದರೆ ಸರಿ. ದಬ್ ಎಂದರೆ ಒಳಗೆ ಬಿರುಕಿದೆ, ಬಿಟ್ಟುಬಿಡಿ.

ಡೈಮಂಡ್ ಬ್ಲೇಡಿನಿಂದ 2 ಸೆಂ.ಮೀ.ಗೊಂದರಂತೆ ಸಮಾನಾಂತರ ಗೀರು ಹಾಕಿ. ಅಂಚಿನಲ್ಲಿ ತೆಳು, ನಡುವೆ ಆಳ, ಎಲ್ಲೆಡೆಯೂ ಕೊನೆಯ ಅಳತೆಗೆ 3 ಮಿ.ಮೀ. ಮುಂಚೆಯೇ ನಿಲ್ಲಬೇಕು. ಗೀರುಗಳ ನಡುವೆ ನಿಂತ ಏಣುಗಳನ್ನು ಚಾಣದಿಂದ ಒಡೆದು ತೆಗೆದು, ಆಮೇಲೆ ಮೊನೆಚಾಣ, ಅದಾದ ಮೇಲೆ ಹಲ್ಲಿನ ಚಾಣ. ಏಟು ಯಾವಾಗಲೂ ಅಂಚಿನಿಂದ ಒಳಕ್ಕೆ. ಒಳಗಿನಿಂದ ಹೊರಕ್ಕೆ ಹೊಡೆದರೆ ಒಂದಲ್ಲ ಒಂದು ಏಟಿಗೆ ಅಂಚು ಹಾರುವುದು ಖಂಡಿತ. ಗ್ರಾನೈಟಿನ ತಳದಲ್ಲಿ ಚಾಣವನ್ನು ನೆಟ್ಟಗೆ ಹಿಡಿದು ಬಲವಾಗಿ ಹೊಡೆದರೆ ಬಿಳಿ ಮಚ್ಚೆ ಏಳುತ್ತದೆ. ಅದು ಮೇಲಿನ ಗಾಯವಲ್ಲ, ಕೆಳಗಿನ ಹರಳುಗಳು ಪುಡಿಯಾಗಿವೆ ಎಂದರ್ಥ. ಮುಂದೆ ನೀರು ಕುಡಿದು ಅಲ್ಲೇ ಚಕ್ಕೆ ಏಳುತ್ತದೆ. ಬ್ಲೇಡ್ ಓಡಿಸುವಾಗ ನೀರು ಬಿಟ್ಟುಕೊಂಡೇ ಓಡಿಸಿ, ಎನ್95ಗೆ ಕಡಿಮೆಯಿಲ್ಲದ ಮಾಸ್ಕ್ ಇರಲಿ. ಗ್ರಾನೈಟ್, ಮರಳುಗಲ್ಲುಗಳ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ವಾಸಿಯಾಗುವಂಥದ್ದಲ್ಲ. ಬಟ್ಟೆ ಕಟ್ಟಿಕೊಂಡರೆ ಸಾಲದು.

ಹಲ್ಲಿನ ಚಾಣದ ಗೆರೆಗಳು ಮೂಡಿದಲ್ಲಿಗೆ ನಿಲ್ಲಿಸಿ. ಪಾಲಿಶ್ ಬೇಡವೇ ಬೇಡ. ಕೆಲಸಗಾರನಿಗೆ ಇದು ಕಷ್ಟದ ಮಾತು ಎಂದು ಗೊತ್ತು, ಆದರೆ ಒದ್ದೆಯಾದ ನುಣುಪು ಕಲ್ಲಿನ ಮೇಲೆ ಹಕ್ಕಿಯ ಉಗುರಿಗೆ ಹಿಡಿತ ಸಿಗುವುದಿಲ್ಲ. ನುಣುಪು ಮಾಡುವ ಆಸೆಯಿದ್ದರೆ ಹೊರಮೈ ಇದೆಯಲ್ಲ, ಅಲ್ಲಿ ಬಳ್ಳಿಯನ್ನೋ ಹೂವನ್ನೋ ಕೆತ್ತಿ.

ಇನ್ನೊಂದು ಸಣ್ಣ ಕೆಲಸ ಬಿಡಬೇಡಿ. ಅಂಚಿನ ಒಂದು ಕಡೆ ಬೆರಳಗಲದ, ಅರ್ಧ ಸೆಂಟಿಮೀಟರ್ ಆಳದ ಕಾಲುವೆ ತೆಗೆದು, ಅದರ ಕೆಳಗೆ ಮರಳು ಮಣ್ಣು ಬೆರೆಸಿದ ಮೊರದಗಲದ ಜಾಗ ಮಾಡಿ. ನೀರು ತುಂಬಿಸಿದಾಗಲೆಲ್ಲ ಹೆಚ್ಚಾದದ್ದು ಅಲ್ಲಿಗೆ ಹನಿಯುತ್ತದೆ. ಬಿಸಿಲೇರಿದ ಮೇಲೆ ಗಮನಿಸಿ: ಚಿಟ್ಟೆಗಳು ರೆಕ್ಕೆ ಮಡಚಿ ಕೂತು ಸುರುಳಿ ನಾಲಿಗೆಯನ್ನು ಬಿಚ್ಚಿ ಒದ್ದೆ ಮರಳಿಗೆ ಊರುತ್ತವೆ. ಬರುವವು ಹೆಚ್ಚಾಗಿ ಗಂಡು, ಅವಕ್ಕೆ ಬೇಕಾದದ್ದು ಮಣ್ಣಿನಲ್ಲಿರುವ ಸೋಡಿಯಂ. ಜೇನುಹುಳಕ್ಕೆ ಈಜು ಬಾರದು, ಅದಕ್ಕಾಗಿ ಬಾನಿಯೊಳಗೆ ನೀರಿನಿಂದ ತಲೆ ಎತ್ತಿ ನಿಲ್ಲುವಂಥ ನಾಲ್ಕಾರು ಒರಟು ಕಲ್ಲುಗಳಿರಲಿ.

ಬೆಕ್ಕು ಅಡಗಿ ಕೂರುವಂಥ ಪೊದೆಯಿಂದ 2–3 ಮೀಟರ್ ದೂರದಲ್ಲಿಡಿ, ಮೇಲೊಂದು ಕೊಂಬೆ ಇದ್ದರೆ ಮಿಂದ ಹಕ್ಕಿ ಅಲ್ಲಿ ಕೂತು ಗರಿ ತೀಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ತಾಗದ ಜಾಗವೇ ಬೇಕು, ಕಪ್ಪು ಕಲ್ಲಾದರಂತೂ ನೀರು ಕಾದುಬಿಡುತ್ತದೆ. ಕಾಲುವೆಯ ಮಟ್ಟದವರೆಗೆ ಈ ಬಾನಿ ಹಿಡಿಯುವುದೇ ಒಂದು ಲೀಟರಿಗಿಂತ ಕಡಿಮೆ, ಹಾಗಾಗಿ ದಿನಕ್ಕೆರಡು ಸಲ ತುಂಬಿಸಬೇಕಾಗಬಹುದು. ಮಳೆಗಾಲದಲ್ಲಿ ಬಾನಿ ತಾನೇ ತುಂಬಿದೆಯಲ್ಲ ಎಂದು ಬಿಟ್ಟರೆ ಕೆಟ್ಟಿತು. ಬೆಚ್ಚಗಿನ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬರಲು ಒಂದು ವಾರ, ಹತ್ತು ದಿನ ಸಾಕು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಬಿರುಸು ಬ್ರಷ್‌ನಿಂದ ಒಳಗನ್ನು ಉಜ್ಜಿ. ಸೋಪು ಬೇಡ. ಅಮೃತಶಿಲೆ, ಸುಣ್ಣಕಲ್ಲುಗಳಿಗೆ ನಿಂಬೆ, ವಿನೆಗರ್ ಎರಡೂ ಕೂಡದು, ಹುಳಿ ಕಲ್ಲನ್ನೇ ತಿನ್ನುತ್ತದೆ. ಹತ್ತಿರದಲ್ಲಿ ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಕಂಡರೆ ಒಂದೆರಡು ವಾರ ಬಾನಿಯನ್ನು ಬರಿದು ಮಾಡಿ ಒಣಗಲು ಬಿಡಿ, ರೋಗ ನೀರಿನಿಂದಲೂ ಹರಡುತ್ತದೆ.

ನೀರು ಹೆಪ್ಪುಗಟ್ಟುವಷ್ಟು ಚಳಿಯ ಜಾಗವಾದರೆ ಅದೇ ಇಳಿಜಾರು ಇಲ್ಲೂ ಕೆಲಸಕ್ಕೆ ಬರುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ನೆಟ್ಟಗೆ ನಿಂತ ಗೋಡೆಯನ್ನು ಅದು ಸೀಳಬಲ್ಲದು, ಓರೆ ಗೋಡೆಯಾದರೆ ಗಡ್ಡೆ ಮೇಲಕ್ಕೆ ಜಾರಿಕೊಳ್ಳುತ್ತದೆ. ಕರಗಿಸಲು ಉಪ್ಪು ಹಾಕಬೇಡಿ, ಉಗುರುಬೆಚ್ಚಗಿನ ನೀರು ಸಾಕು. ಬ್ರಷ್ ಒಳಮೈಗಷ್ಟೇ ಸೀಮಿತವಾಗಿರಲಿ. ಹೊರಮೈಗೆ ಹತ್ತುವ ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವಂಥದ್ದು, ಅದನ್ನು ಕೆರೆಯಬೇಡಿ.