ಆಗುಂಬೆ ತಿರುವಿನಲ್ಲಿ ಹೊಸ 390 ಡ್ಯೂಕ್ ಜರ್ಕ್ ಹೊಡೆದರೆ

ಘಾಟಿ ಹತ್ತುವಾಗ ನಿಮ್ಮ ಹೊಸ ಕೆಟಿಎಂ 390 ಡ್ಯೂಕ್ ಬೈಕ್ ಜರ್ಕ್ ಹೊಡೆಯುವುದಕ್ಕೆ ಕಾರಣ ಬಹುಶಃ ಗೇರ್. ಎಂಜಿನ್ 373ರಿಂದ 399 ಸಿಸಿಗೆ ಏರಿದ್ದರೂ ಸಿಲಿಂಡರ್ ಒಂದೇ ಅಲ್ವಾ, ಮೂರನೇ ಗೇರಿನಲ್ಲಿ ನಿಧಾನಕ್ಕೆ ಎಳೆದರೆ ಕುಕ್ಕುತ್ತದೆ. "ಹಳೆಯದೇ ವಾಸಿ" ಅನ್ನುವವರೂ "ಹೊಸದೇ ನಯ" ಅನ್ನುವವರೂ ಸುಳ್ಳು ಹೇಳುತ್ತಿಲ್ಲ, ಓಡಿಸುವ ರೀತಿ ಬೇರೆ ಅಷ್ಟೇ.

ಮೊದಲು ಚೈನ್ ನೋಡಿ. ನಮ್ಮ ಮಳೆಗೆ ಲ್ಯೂಬ್ (ಚೈನಿಗೆ ಹಾಕುವ ಜಿಡ್ಡು) ತೊಳೆದುಹೋಗಿ ಕೆಂಪು ಕೆಸರು ಮೆತ್ತಿಕೊಂಡಿರುತ್ತದೆ. ಒರೆಸಿ, ಲ್ಯೂಬ್ ಹಾಕಿ, ಸಡಿಲ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಇದೆಯಾ ಅಳೆಯಿರಿ. ಆಮೇಲೆ ತಿರುವಿಗೆ ಮುಂಚೆಯೇ ಕ್ಲಚ್ ಹಿಡಿದು ಗೇರ್ ಇಳಿಸಿ; ಅಲ್ಲಿ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸುವ ಕ್ವಿಕ್‌ಶಿಫ್ಟರ್ ಬೇಡ. ತಿರುವಿನ ನಡುವೆ ಆಕ್ಸಿಲರೇಟರ್ ಪೂರ್ತಿ ಬಿಡಬೇಡಿ, ಒಂಚೂರು ಕೊಡುತ್ತಲೇ ಇರಿ. ಮೊದಲನೇ ಗೇರಿನಲ್ಲೂ ಹಾಗೇ ಕುಕ್ಕಿದರೆ ಬೇರೇನೋ ಇರಬಹುದು. ಆಗ ಸರ್ವೀಸಿನವರನ್ನೇ ಏರಿನಲ್ಲಿ ಓಡಿಸಿ ನೋಡಲು ಹೇಳಿ.